ಎಳೆ ಎಲ್ಲಿ ಹೊರಳಿತು?

ಸಂಕ್ರಾಂತಿಯ ಮುಂಜಾನೆ ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ನೋಡಿಕೊಂಡೇ ಹೆಜ್ಜೆ ಇಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದ ರೈತ ಕುಟುಂಬಗಳ ಹೆಂಗಸರು ಅಂಗಳದ ತುಂಬ ‘ಮೆಲಿಕಲ ಮುಗ್ಗು’ ಎಂಬ ಚುಕ್ಕಿ ರಂಗೋಲಿ ಹಾಕಿರುತ್ತಾರೆ. ಚುಕ್ಕಿಗಳನ್ನು ಬಳಸುತ್ತ, ತನ್ನನ್ನೇ ತಾನು ದಾಟುತ್ತ, ಎಳೆ ಹೊರಟಲ್ಲಿಗೇ ಬಂದು ಕೂಡಿಕೊಳ್ಳುತ್ತದೆ. ಕ್ರಿ.ಶ. 800ರ ಸುಮಾರಿಗೆ ಐರಿಶ್ ಪರಂಪರೆಯ ಸನ್ಯಾಸಿಗಳು ‘ಬುಕ್ ಆಫ್ ಕೆಲ್ಸ್’ನ ತೊಗಲ ಹಾಳೆಗಳಲ್ಲಿ ಬಿಡಿಸಿದ ಕೆಲ್ಟಿಕ್ ಗಂಟುಗಳಿಗೂ ಇದಕ್ಕೂ ನೆಂಟಸ್ತನವಿಲ್ಲ. ಲೆಕ್ಕ ಮಾತ್ರ ಒಂದೇ.

ಸಾಲಿಗೆ 3ರಂತೆ 4 ಸಾಲು ಚುಕ್ಕಿ ಇಟ್ಟು, ಪಕ್ಕಪಕ್ಕದ ಚುಕ್ಕಿಗಳ ನಡುವಿನ ಪ್ರತಿ ಸಂದಿನಲ್ಲೂ ಎಳೆ ದಾಟಿಸಿದರೆ ಇಡೀ ಚಿತ್ತಾರ ಒಂದೇ ಎಳೆಯಲ್ಲಿ ಮುಗಿಯುತ್ತದೆ. ನಾಲ್ಕಕ್ಕೆ ನಾಲ್ಕಾದರೆ 4 ಬೇರೆಬೇರೆ ಎಳೆ. ಆರಕ್ಕೆ ನಾಲ್ಕಾದರೆ 2. ಎಳೆಗಳೆಷ್ಟು ಎಂದರೆ ಆ ಎರಡು ಸಂಖ್ಯೆಗಳ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಷ್ಟೋ ಅಷ್ಟು. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಅದು ಇಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಕೂತಿದೆ! ಕೆಲ್ಟಿಕ್ ಗಂಟಿನಲ್ಲಿ ಎಳೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹಾಯುತ್ತದೆ, ಚುಕ್ಕಿಗಳನ್ನು ಅಳಿಸಿಬಿಡುತ್ತಾರೆ. ಮುಗ್ಗಿನಲ್ಲಿ ಚುಕ್ಕಿ ಕೊನೆಯವರೆಗೂ ಉಳಿಯುತ್ತದೆ. ಎರಡರಲ್ಲೂ ಕಸುಬಿರುವುದು ಎಲ್ಲಿ ದಾಟದೆ ಹೊರಳಬೇಕೆಂಬ ತೀರ್ಮಾನದಲ್ಲಿ.

ಆ ತೀರ್ಮಾನವನ್ನೇ ನಮ್ಮ ರಂಗೋಲಿ ಪುಸ್ತಕಗಳು ಹೇಳುವುದಿಲ್ಲ. ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಪೇಟೆಯಲ್ಲಿ ಸಿಗುವ ಪುಸ್ತಕದಲ್ಲಿ ಇರುವುದು ಮುಗಿದ ಚಿತ್ರ. ಅದರಡಿ ‘15ರಿಂದ 8, ಸಂದು ಚುಕ್ಕಿ’ ಎಂಬ ಒಂದು ಸಾಲು. ಕೈ ಎಲ್ಲಿಂದ ಹೊರಟಿತು, ಎತ್ತ ತಿರುಗಿತು ಎಂಬುದು ಹುಡುಗಿಯ ಹಣೆಬರಹಕ್ಕೆ ಬಿಟ್ಟದ್ದು. ಮೊಬೈಲ್ ವಿಡಿಯೊ ಕೈಯನ್ನೇನೋ ತೋರಿಸುತ್ತದೆ, ಆದರೆ ಓಟದ ವೇಗದಲ್ಲಿ. ಸ್ಪರ್ಧೆಗಳ ಕಣ್ಣೂ ನವಿಲು, ಬಣ್ಣಗಳ ಮೇಲೆಯೇ. ಎಳೆಯ ಜಾಣ್ಮೆಗೆ ಅಂಕ ಕೊಡುವವರು ಅಪರೂಪ.

ಕೆಲ್ಟಿಕ್ ಗಂಟಿಗಾದರೋ, ಸ್ಕಾಟ್ಲೆಂಡಿನ ಚಿತ್ರಕಲಾ ಮೇಷ್ಟ್ರು ಜಾರ್ಜ್ ಬೇನ್ ಅವರ ಪುಸ್ತಕ 1951ರಲ್ಲಿ ಬಂತು. ಅದರ ಬೆಲೆ ಇರುವುದು ಚೆಂದದ ಚಿತ್ರಗಳಲ್ಲಲ್ಲ, ಗಂಟು ಕಟ್ಟುವ ಹಂತಗಳನ್ನು ಬಿಡಿಸಿಟ್ಟದ್ದರಲ್ಲಿ. ಅವರ ಮುಂದೆ ಹಳೆಯ ಹಾಳೆಗಳಿದ್ದವು, ಕಲ್ಲುಗಳಿದ್ದವು. ಬಿಡಿಸಿ ನೋಡಲು ಸಾಧ್ಯವಾಯಿತು. ಮಸ್ಕಿಯ ಬಂಡೆ ಶಾಸನದ ಕಥೆಯೂ ಹಾಗೆಯೇ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬೀಳುವವರೆಗೂ ಅಶೋಕನ ಹೆಸರು ಅಲ್ಲಿ ಕಾದು ಕೂತಿತ್ತು. ಮಧ್ಯಾಹ್ನಕ್ಕೆ ಕಾಲಡಿ ಅಳಿಸಿಹೋಗುವ ಮುಗ್ಗಿಗೆ ಆ ಭಾಗ್ಯವಿಲ್ಲ. ಅದು ಇರುವುದು ಹಾಕುವವರ ಕೈಯಲ್ಲಿ ಮಾತ್ರ.

ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಸಿಂಧನೂರಿನ ಬಗಲಲ್ಲೇ ಇವೆ. ಬಂಗಾಳಿಗಳ ನೆಲಚಿತ್ತಾರ ಆಲ್ಪನಾಕ್ಕೆ ಅಕ್ಕಿಹಿಟ್ಟಿನ ನೀರು, ಬೆರಳು ಸಾಕು, ಚುಕ್ಕಿಯ ಹಂಗಿಲ್ಲ. ಅದನ್ನು ನೋಡಿ ಕಲಿಯಬಹುದು, ಮುಗ್ಗನ್ನು ನೋಡಿದರಷ್ಟೇ ಸಾಲದು.

ಪುಸ್ತಕ ಅಚ್ಚು ಹಾಕಿಸುವವರು ಮೊದಲ ಪುಟವನ್ನು 1-3-1ಕ್ಕೆ ಕೊಡಲಿ. ಐದು ಚುಕ್ಕಿ, ನಾಲ್ಕು ದಾಟು, ಒಂದೇ ಎಳೆ. ಹೊರಟ ಜಾಗಕ್ಕೊಂದು ಗುರುತು, ಪ್ರತಿ ತಿರುವಿಗೊಂದು ಬಾಣ. ನವಿಲು ಎರಡನೇ ಪುಟಕ್ಕೆ ಹೋಗಲಿ.