ಅಂಕಿತವಿಲ್ಲದ ಹೊದಿಕೆ

ಬೆಂಗಳೂರಿನ ರಸ್ತೆಬದಿಯ ಬಟ್ಟೆ ಅಂಗಡಿಗಳಲ್ಲಿ ತೂಗುಹಾಕಿದ ಟೀ ಶರ್ಟುಗಳ ನಡುವೆ ಒಂದು ಕಪ್ಪು ಶರ್ಟು ನಮ್ಮ ಕಣ್ಣಿಗೆ ಮತ್ತೆ ಮತ್ತೆ ಬಿದ್ದಿದೆ. ಎದೆಯ ಮೇಲೆ ಬಿಳಿ ಗೆರೆಗಳು ಒಂದರ ಕೆಳಗೊಂದು ಅಡ್ಡಲಾಗಿ ಹರಿದು, ನಡುವಿನಲ್ಲಿ ಬೆಟ್ಟದ ಸಾಲಿನಂತೆ ಏಳುತ್ತವೆ. ಅಕ್ಷರ ಒಂದೂ ಇಲ್ಲ. ಅದನ್ನು ತೊಟ್ಟಿದ್ದ ಪರಿಚಯದ ಹುಡುಗನೊಬ್ಬನನ್ನು ಅದೇನೆಂದು ಕೇಳಿದೆವು. 'ಏನೋ ಇಸಿಜಿ ಥರ ಇದೆ ಅಲ್ವಾ ಸಾರ್, ಚೆನ್ನಾಗಿದೆ ಅಂತ ತಗೊಂಡೆ' ಎಂದ. ಅವನನ್ನು ಹಂಗಿಸುವುದು ನಮ್ಮ ಉದ್ದೇಶವಲ್ಲ. ಆ ಚಿತ್ರವನ್ನು ಮೊದಲು ರೆಕಾರ್ಡಿನ ಹೊದಿಕೆಗೆ ಅಚ್ಚು ಹಾಕಿಸಿದವರಿಗೂ ಜನ ಹೀಗೆಯೇ ಏನೆಂದು ತಿಳಿಯದೆ ನಿಂತು ನೋಡಲಿ ಎಂಬುದೇ ಬೇಕಾಗಿತ್ತು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನ 'ಜಾಯ್ ಡಿವಿಷನ್' ಎಂಬ ನಾಲ್ವರ ತಂಡ 1979ರ ಜೂನ್‌ನಲ್ಲಿ ಹೊರತಂದ 'ಅನ್‌ನೋನ್ ಪ್ಲೆಷರ್ಸ್' ಎಂಬ ಮೊದಲ ಆಲ್ಬಮ್ಮಿನ ಹೊದಿಕೆ ಅದು. ಪ್ರಕಟಿಸಿದ್ದು ಫ್ಯಾಕ್ಟರಿ ರೆಕಾರ್ಡ್ಸ್. ಟೋನಿ ವಿಲ್ಸನ್ ಎಂಬ ಟೀವಿ ಪತ್ರಕರ್ತ ಗೆಳೆಯರೊಡನೆ ಕಟ್ಟಿದ ಪುಟ್ಟ ಸಂಸ್ಥೆ. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ತಮ್ಮದೇ ದುಡ್ಡಿನಲ್ಲಿ, ತಮ್ಮ ಮನಸ್ಸಿಗೆ ಬಂದಂತೆ ಸಂಗೀತ ಹೊರತರುವ ಇಂಥ ತಂಡಗಳನ್ನೇ 'ಇಂಡೀ' ಎನ್ನುವುದು. ಹೊದಿಕೆ ಮಾಡಿದ ಪೀಟರ್ ಸ್ಯಾವಿಲ್‌ಗೆ ಆಗ ಇಪ್ಪತ್ತಮೂರು ವರ್ಷ. ತಂಡದವರು ಖಗೋಳ ವಿಜ್ಞಾನದ ವಿಶ್ವಕೋಶವೊಂದರಲ್ಲಿ ಕಂಡ ಚಿತ್ರವನ್ನು ಅವನ ಕೈಗೆ ಕೊಟ್ಟರು. ಬಿಳಿ ಹಾಳೆಯ ಮೇಲಿನ ಕಪ್ಪು ಗೆರೆಗಳನ್ನು ಅವನು ಕಪ್ಪಿನ ಮೇಲಿನ ಬಿಳಿ ಗೆರೆಗಳಾಗಿ ಮಗುಚಿದ. ಮುಂಭಾಗದಲ್ಲಿ ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರಿಲ್ಲ, ಹಾಡುಗಾರರ ಮುಖವಂತೂ ಇಲ್ಲವೇ ಇಲ್ಲ.

ವ್ಯಾಪಾರದ ಲೆಕ್ಕದಲ್ಲಿ ಇದು ಶುದ್ಧ ಹುಚ್ಚುತನ. ಅಂಗಡಿಗೆ ಬಂದವನು ಯಾವ ಹೆಸರು ಹೇಳಿ ಕೇಳಬೇಕು? ಆದರೆ ಆ ಹುಚ್ಚೇ ಗುರುತಾಯಿತು. 'ನಮಗೆ ಮಾರುವ ಆತುರವಿಲ್ಲ, ಗೊತ್ತಿದ್ದವರಿಗೆ ಗೊತ್ತು' ಎಂದು ಹೇಳುವ ಹೊದಿಕೆಗಿಂತ ಬಲವಾದ ಜಾಹೀರಾತು ಇನ್ನೊಂದಿಲ್ಲ. ಕೊಂಡವನಿಗೆ ತಾನು ಗಿರಾಕಿಯಲ್ಲ, ಒಂದು ಗುಟ್ಟಿನ ಪಾಲುದಾರ ಎಂಬ ಭಾವನೆ ಬರುತ್ತದೆ. ಬ್ರ್ಯಾಂಡ್ ಎಂಬುದರ ತಿರುಳು ಇದೇ ಅಲ್ಲವೇ?

ಫ್ಯಾಕ್ಟರಿಯವರು ಈ ಆಟವನ್ನು ಕೊನೆತನಕ ಆಡಿದರು. ಅವರ ಮೊದಲ ವಸ್ತು ರೆಕಾರ್ಡೇ ಅಲ್ಲ, 1978ರ ಸಂಗೀತ ಸಂಜೆಗಳಿಗಾಗಿ ಸ್ಯಾವಿಲ್ ರಚಿಸಿದ ಪೋಸ್ಟರು. ಕಾರ್ಖಾನೆಗಳಲ್ಲಿ ಕಿವಿ ಮುಚ್ಚಿಕೊಳ್ಳಿ ಎಂದು ಹೇಳುವ ಎಚ್ಚರಿಕೆಯ ಫಲಕವನ್ನು ಅನುಕರಿಸಿದ ಚಂದದ ಪೋಸ್ಟರು. ಆದರೆ ಅದು ಸಿದ್ಧವಾಗಿ ಬಂದದ್ದು ಗೋಡೆಗೆ ಅಂಟಿಸಿ ಪ್ರಯೋಜನವಿಲ್ಲದಷ್ಟು ತಡವಾಗಿ! ಅದಕ್ಕೆ ಎಫ್‌ಎಸಿ 1 ಎಂಬ ಸಂಖ್ಯೆ ಕೊಟ್ಟರು. ಆಮೇಲೆ ರೆಕಾರ್ಡುಗಳಿಗೂ, 1982ರಲ್ಲಿ ತೆರೆದ ಹಾಸಿಯೆಂಡಾ ಎಂಬ ಕ್ಲಬ್ಬಿಗೂ, ಆ ಕ್ಲಬ್ಬಿನ ಬೆಕ್ಕಿಗೂ, ತಮ್ಮದೇ ನಿರ್ಮಾಪಕ ತಮ್ಮ ಮೇಲೆ ಹೂಡಿದ ಮೊಕದ್ದಮೆಗೂ ಕ್ರಮಸಂಖ್ಯೆ ಬಿತ್ತು. 2007ರಲ್ಲಿ ವಿಲ್ಸನ್ ತೀರಿಕೊಂಡಾಗ ಅವನ ಶವಪೆಟ್ಟಿಗೆಗೂ ಒಂದು ಸಂಖ್ಯೆ ಸಿಕ್ಕಿತು, 501. ತಮಾಷೆಯಂತೆ ಕಾಣುತ್ತದೆ. ಆದರೆ ಮನುಷ್ಯನ ಸಾವನ್ನೂ ಪಟ್ಟಿಯೊಳಗೆ ಸೇರಿಸಿಕೊಳ್ಳುವ ಬ್ರ್ಯಾಂಡಿನ ಹಸಿವು ಅದರಲ್ಲಿದೆ ಎಂದು ನಮಗನ್ನಿಸುತ್ತದೆ.

ಜಾಯ್ ಡಿವಿಷನ್ನಿನಲ್ಲಿ ಉಳಿದವರು ಕಟ್ಟಿದ 'ನ್ಯೂ ಆರ್ಡರ್' 1983ರಲ್ಲಿ 'ಬ್ಲೂ ಮಂಡೇ' ತಂದಾಗ ಸ್ಯಾವಿಲ್ ಹೊದಿಕೆಯನ್ನು ಕಂಪ್ಯೂಟರಿನ ಫ್ಲಾಪಿಯಂತೆ ಅಲ್ಲಲ್ಲಿ ಕತ್ತರಿಸಿ ಮಾಡಿದ. ಹೆಸರಿನ ಬದಲು ಅಂಚಿನಲ್ಲಿ ಬಣ್ಣಗಳ ಸಂಕೇತಲಿಪಿ. ಹೊದಿಕೆಯ ಖರ್ಚೇ ಪ್ರತಿಯೊಂದರ ಲಾಭವನ್ನು ನುಂಗಿತು ಎಂಬುದು ಫ್ಯಾಕ್ಟರಿಯ ಪ್ರಸಿದ್ಧ ಕತೆ. ಈ ಕತೆಯನ್ನು ಅವರು ಹೇಳುವಾಗ ದನಿಯಲ್ಲಿ ನಷ್ಟದ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚು. 1992ರಲ್ಲಿ ಸಂಸ್ಥೆ ದಿವಾಳಿಯೆದ್ದಿತು.

ಅದೇ ಕಾಲದ 'ಕ್ರಾಸ್' ಎಂಬ ಇಂಗ್ಲಿಷ್ ಪಂಕ್ ತಂಡ ಬೇರೆ ದಾರಿ ಹಿಡಿದಿತ್ತು. ಇದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಹೊದಿಕೆಯ ಮೇಲೆಯೇ ಬೆಲೆ ಅಚ್ಚು ಹಾಕಿಸುತ್ತಿತ್ತು. ಅದರಲ್ಲಿ ಗುಟ್ಟೇನೂ ಇಲ್ಲ, ಕೊಳ್ಳುವವನ ಜೇಬಿನ ಕಾಳಜಿಯಿದೆ. ನಮಗೆ ಆ ಒರಟು ಹೊದಿಕೆ ಸ್ಯಾವಿಲ್‌ನ ನಯವಾದ ಮೌನಕ್ಕಿಂತ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಹಾಗೆಂದು ಪ್ರಾಮಾಣಿಕತೆ ಅವರನ್ನು ಕಾಪಾಡುತ್ತದೆ ಎಂದೇನಿಲ್ಲ. ಅಮೆರಿಕದ 'ಫುಗಾಜಿ' ತಂಡ ಟೀ ಶರ್ಟು ಮಾರುವುದಿಲ್ಲವೆಂದು ಹಟ ಹಿಡಿದಾಗ, 'ಇದು ಫುಗಾಜಿ ಟೀ ಶರ್ಟಲ್ಲ' ಎಂದು ಬರೆದ ಟೀ ಶರ್ಟನ್ನು ಯಾರೋ ಮಾರತೊಡಗಿದರು. ಒಲ್ಲೆ ಎಂಬ ಮಾತಿಗೂ ಗಿರಾಕಿ ಸಿಕ್ಕ!

ಇಷ್ಟು ಅವರವರ ಅಂಗಡಿಯ ಮಾತಾಯಿತು. ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ಈ ತಂಡಗಳು ತಮ್ಮ ಗುರುತಿಗಾಗಿ ಎತ್ತಿಕೊಂಡ ಚಿತ್ರಗಳು ಯಾರವು?

'ಜಾಯ್ ಡಿವಿಷನ್' ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಾಜಿಗಳ ಸೆರೆಶಿಬಿರದಲ್ಲಿ ಸೈನಿಕರ ಸುಖಕ್ಕೆಂದು ಹೆಂಗಸರನ್ನು ಕೂಡಿಹಾಕಿದ್ದ ವಿಭಾಗಕ್ಕೆ 'ಹೌಸ್ ಆಫ್ ಡಾಲ್ಸ್' ಎಂಬ ಕಾದಂಬರಿಯಲ್ಲಿರುವ ಹೆಸರದು. ಬರೆದಾತ ಆಶ್ವಿಟ್ಸ್‌ನಿಂದ ಬದುಕುಳಿದು ಬಂದ ಯಹೂದಿ ಲೇಖಕ. 1978ರಲ್ಲಿ ತಂಡ ತಾನೇ ಹೊರತಂದ ಮೊದಲ ಕಿರು ರೆಕಾರ್ಡಿನ ಹೊದಿಕೆಯಲ್ಲಿ ಹಿಟ್ಲರನ ಯುವದಳದ ಹುಡುಗನೊಬ್ಬ ಡೋಲು ಬಾರಿಸುತ್ತಿದ್ದಾನೆ. ಚಿತ್ರ ಬಿಡಿಸಿದವನು ಗಿಟಾರ್ ವಾದಕ ಬರ್ನಾರ್ಡ್ ಸಮ್ನರ್. ಇವರು ನಾಜಿವಾದಿಗಳಲ್ಲವೆಂದು ಅವರ ಹಾಡುಗಳನ್ನು ಕೇಳಿದ ಯಾರಿಗೂ ತಿಳಿಯುತ್ತದೆ. ಯುದ್ಧದ ನೆನಪಿನಲ್ಲಿ ಬೆಳೆದ ಬಡ ಮನೆಗಳ ಹುಡುಗರು ಬೆಚ್ಚಿಬೀಳಿಸುವ ಚಿತ್ರವನ್ನು ಹುಡುಕಿದ್ದರು, ಅಷ್ಟೆ. ಆದರೆ ಆ 'ಅಷ್ಟೆ' ಎಂಬುದೇ ನಮಗೆ ಚುಚ್ಚುತ್ತದೆ. ಹೆಸರೂ ಇಲ್ಲದೆ ಸತ್ತ ಹೆಂಗಸರ ಅವಮಾನ ಮ್ಯಾಂಚೆಸ್ಟರಿನ ಹುಡುಗರಿಗೆ ಒಂದು ಒಳ್ಳೆಯ 'ಹೆಸರು' ಒದಗಿಸಿತು! ಅದೇ ವರ್ಷ ಆ ರೆಕಾರ್ಡು ಮತ್ತೆ ಬಂದಾಗ ಡೋಲಿನ ಹುಡುಗ ಹೋಗಿ ಬೇರೆ ಚಿತ್ರ ಬಂತು. ಹೆಸರು ಮಾತ್ರ ಉಳಿಯಿತು.

ಎರಡನೆಯ ಆಲ್ಬಮ್ 'ಕ್ಲೋಸರ್' ಹೊದಿಕೆಯಲ್ಲಿ ಶವದ ಸುತ್ತ ಗೋಳಿಡುವವರ ಶಿಲ್ಪವಿದೆ. ಇಟಲಿಯ ಜಿನೋವಾದ ಸ್ಟಾಲಿಯೆನೊ ಸ್ಮಶಾನದಲ್ಲಿ ಅಪ್ಪಿಯಾನಿ ಕುಟುಂಬದ ಗೋರಿಯ ಮೇಲಿರುವ ಶಿಲ್ಪವನ್ನು ಬರ್ನಾರ್ ಪಿಯೇರ್ ವೂಲ್ಫ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರ. ಹೊದಿಕೆ ನಿರ್ಧಾರವಾದ ಮೇಲೆ, 1980ರ ಮೇ 18ರಂದು, ತಂಡದ ಗಾಯಕ ಇಯಾನ್ ಕರ್ಟಿಸ್ ಆತ್ಮಹತ್ಯೆ ಮಾಡಿಕೊಂಡ. ಅವನಿಗೆ ಬರೀ 23. ಎರಡು ತಿಂಗಳಲ್ಲಿ ಗೋರಿಯ ಚಿತ್ರ ಹೊತ್ತ ರೆಕಾರ್ಡು ಅಂಗಡಿಗೆ ಬಂತು. ಸಾವನ್ನು ಮಾರುತ್ತಿದ್ದಾರೆ ಎಂಬ ಆರೋಪ ಬಂದದ್ದು ಸಹಜ. ಉದ್ದೇಶಪೂರ್ವಕವಾಗಿ ಹಾಗೆ ಮಾಡಿರಲಿಲ್ಲ ಎಂಬ ಅವರ ಮಾತನ್ನು ನಾವು ನಂಬುತ್ತೇವೆ. ಆದರೂ ಬೇರೆಯವರ ಮನೆಯ ಗೋರಿಯನ್ನು ತಂದು ಹೊದಿಕೆ ಮಾಡಿದಾಗ ಅದು ಯಾವತ್ತೋ ಒಂದು ದಿನ ನಮ್ಮ ಮನೆಯದೂ ಆದೀತೆಂಬ ಅಳುಕು ಬೇಡವೇ?

ಇದೇ ಮ್ಯಾಂಚೆಸ್ಟರಿನಲ್ಲಿ ಬ್ರಿನ್ ಜೋನ್ಸ್ ಎಂಬ ಇನ್ನೊಬ್ಬನಿದ್ದ. ಅವನ ವಿಷಯ ನಮ್ಮ ಓದುಗರಿಗೆ ಇನ್ನಷ್ಟು ಹತ್ತಿರದ್ದು. ಒಬ್ಬನೇ ಮನೆಯಲ್ಲಿ ಕೂತು ಸಂಗೀತ ಮಾಡುತ್ತಿದ್ದ ಆತ ಇಟ್ಟುಕೊಂಡ ಹೆಸರು 'ಮುಸ್ಲಿಂಗಾಜ್'. ಮಸ್ಲಿನ್ ಎಂಬ ತೆಳು ಬಟ್ಟೆಯ ಹೆಸರಿನ ಮೇಲೆ ಮಾಡಿದ ಶ್ಲೇಷೆ. ಆತ ಮುಸ್ಲಿಮನಲ್ಲ. 1982ರಲ್ಲಿ ಇಸ್ರೇಲ್ ಲೆಬನಾನಿನ ಮೇಲೆ ಮಾಡಿದ ದಾಳಿಯಿಂದ ಕಲಕಿಹೋಗಿ ಈ ಹಾದಿ ಹಿಡಿದ. ಪ್ರತಿ ಕೃತಿಯ ಹಿಂದೆಯೂ ಒಂದು ರಾಜಕೀಯ ಸಂಗತಿ ಇದೆ ಎನ್ನುತ್ತಿದ್ದ. 1999ರಲ್ಲಿ ಮೂವತ್ತೇಳರ ವಯಸ್ಸಿನಲ್ಲಿ ತೀರಿಕೊಂಡ. ಪಶ್ಚಿಮ ಏಷ್ಯಾಕ್ಕೆ ಒಮ್ಮೆಯೂ ಹೋಗಲಿಲ್ಲ.

ಅವನ ಸಂಗೀತದಲ್ಲಿ ಹಾಡಿನ ಸಾಹಿತ್ಯವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ತಾಳವಾದ್ಯ, ಯಂತ್ರದ ದನಿ, ಎಲ್ಲಿಂದಲೋ ಎತ್ತಿಕೊಂಡ ಅರಬ್ಬೀ ಮಾತಿನ ತುಣುಕು. ಹಾಗಾಗಿ ರಾಜಕೀಯವನ್ನೆಲ್ಲ ಹೇಳಬೇಕಾದ ಹೊಣೆ ಹೊದಿಕೆ ಮತ್ತು ಶೀರ್ಷಿಕೆಯ ಮೇಲೆಯೇ ಬಿತ್ತು. 'ಯುನೈಟೆಡ್ ಸ್ಟೇಟ್ಸ್ ಆಫ್ ಇಸ್ಲಾಂ', 'ವೋಟ್ ಹಿಜ್ಬುಲ್ಲಾ', 'ಹಮಾಸ್ ಆರ್ಕ್' ಇವು ಆಲ್ಬಮ್ಮುಗಳ ಹೆಸರು. ಕೆಲವೇ ನೂರು ಪ್ರತಿಗಳ ಸೀಮಿತ ಆವೃತ್ತಿಗಳು ಯುರೋಪ್, ಅಮೆರಿಕದ ಸಂಗ್ರಾಹಕರ ಕಪಾಟು ಸೇರಿದವು. ಪ್ಯಾಲೆಸ್ಟೀನಿಯರ ಬಗ್ಗೆ ಅವನಿಗಿದ್ದ ಕನಿಕರ ಕಪಟವೆಂದು ನಾವು ಹೇಳುವುದಿಲ್ಲ. ಯಾರೂ ಮಾತಾಡದಿದ್ದಾಗ ಆತ ಮಾತಾಡಿದ. ಆದರೆ ಲೆಬನಾನ್, ಇರಾನ್, ಅಫ್ಘಾನಿಸ್ತಾನ, ಗಾಜಾ ಎಲ್ಲವೂ ಒಂದೇ ಹೆಸರಿನಡಿ ಒಂದೇ ಬಗೆಯ ಹೊದಿಕೆಗಳಾಗಿ ಬಂದಾಗ, ಪರಸ್ಪರ ಜಗಳವಾಡುವ ರಾಜಕೀಯಗಳೆಲ್ಲ ಕರಗಿ 'ಮುಸ್ಲಿಂ' ಎಂಬುದು ಒಂದು ಗಾಢವಾದ, ಸ್ವಲ್ಪ ಭಯ ಹುಟ್ಟಿಸುವ ಬಣ್ಣವಾಗಿ ಉಳಿಯುತ್ತದೆ. ಮುಸ್ಲಿಮನನ್ನು ಶತ್ರುವೆಂದು ತೋರಿಸುವ ಪತ್ರಿಕೆಗಳು ಬಳಸುವುದೂ ಅದೇ ಬಣ್ಣವನ್ನೇ. ಹೊಗಳಲೆಂದು ಬಳಿದರೆ ಬಣ್ಣ ಬದಲಾದೀತೇ?

ಇನ್ನು ಮಾರುಕಟ್ಟೆ ಏನು ಮಾಡಿತು ಎಂಬುದನ್ನು ಊಹಿಸಲು ಕಷ್ಟವಿಲ್ಲ. 2012ರ ಜನವರಿಯಲ್ಲಿ ಡಿಸ್ನಿ ಕಂಪೆನಿ ಅದೇ ಬಿಳಿ ಗೆರೆಗಳನ್ನು ಮಿಕ್ಕಿ ಮೌಸ್‌ನ ತಲೆಯ ಆಕಾರಕ್ಕೆ ಬಗ್ಗಿಸಿ ಟೀ ಶರ್ಟು ಹೊರತಂದು, ಗದ್ದಲವಾದಾಗ ಹಿಂತೆಗೆದುಕೊಂಡಿತು. ಹೆಸರಿಲ್ಲದ ಹೊದಿಕೆ ಮಾಡಿದ ಸ್ಯಾವಿಲ್ ಮುಂದೆ ಕ್ಯಾಲ್ವಿನ್ ಕ್ಲೈನ್‌ಗೆ 2017ರಲ್ಲಿ, ಬರ್ಬೆರಿಗೆ 2018ರಲ್ಲಿ ಹೊಸ ಲೋಗೊ ಬರೆದುಕೊಟ್ಟ. ಎರಡೂ ಬರೀ ದಪ್ಪ ಅಕ್ಷರದ ಹೆಸರುಗಳು. ಹೊಟ್ಟೆಪಾಡಿನ ಕೆಲಸಕ್ಕೆ ನಮ್ಮ ಆಕ್ಷೇಪವಿಲ್ಲ. ಫ್ಯಾಕ್ಟರಿಯ ಕಾಲವನ್ನು ಮಾರುಕಟ್ಟೆಯ ವಿರುದ್ಧದ ಬಂಡಾಯವೆಂದು ವೈಭವೀಕರಿಸುವ ಲೇಖನಗಳನ್ನು ಓದುವಾಗ ಮಾತ್ರ ಈ ಎರಡು ಲೋಗೊಗಳು ನೆನಪಾಗುತ್ತವೆ.

ಕನ್ನಡದಲ್ಲಿ ಯೋಚಿಸುವಾಗ ನಮಗೆ ಲೋಗೊ ಎಂಬುದಕ್ಕೆ ಸಮೀಪದ ಪದವಾಗಿ ತೋರುವುದು 'ಅಂಕಿತ'. ವಚನಕಾರರೂ ತತ್ವಪದಕಾರರೂ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ, ತಾವು ನಂಬಿದ ದೈವದ ಹೆಸರು ಹಾಕಿದರು. ಸ್ಯಾವಿಲ್‌ನಂತೆ ಅವರೂ ತಮ್ಮನ್ನು ಮರೆಮಾಡಿಕೊಂಡವರೇ. ಆದರೆ ವ್ಯತ್ಯಾಸವಿದೆ. ಅಂಕಿತವನ್ನು ಹಾಡಿನಿಂದ ಬಿಡಿಸಿ ತೆಗೆಯಲಾಗದು. ಬೆಂಗಳೂರಿನ ರಘು ದೀಕ್ಷಿತ್ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಶಿಶುನಾಳ ಷರೀಫರನ್ನು ಹಾಡುತ್ತಾರೆ. ಲುಂಗಿ ಮತ್ತು ಗೆಜ್ಜೆ ಅವರ ತಂಡದ ಗುರುತೇ ಆಗಿಬಿಟ್ಟಿವೆ. ಅದೂ ಬ್ರ್ಯಾಂಡೇ, ಇಲ್ಲವೆಂದು ವಾದಿಸುವುದೇಕೆ? ಆದರೆ ಹಾಡು ಕೊನೆಯ ನುಡಿಗೆ ಬಂದಾಗ ಶಿಶುನಾಳಧೀಶ ಬರಲೇಬೇಕು. ವಿದೇಶದ ವೇದಿಕೆಯಾದರೂ ಸರಿ, ಕೇಳುವವನಿಗೆ ಕನ್ನಡ ಬಾರದಿದ್ದರೂ ಸರಿ, ಹಾಡು ಯಾವ ಊರಿನದೆಂಬ ಸಾಕ್ಷಿ ಹಾಡಿನೊಳಗೇ ಇರುತ್ತದೆ.

ಬಿಳಿ ಗೆರೆಗಳ ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ. ಅದು ಇಸಿಜಿಯೂ ಅಲ್ಲ, ಬೆಟ್ಟವೂ ಅಲ್ಲ, 1.337 ಸೆಕೆಂಡಿಗೊಮ್ಮೆ ಮಿಡಿಯುವ ಒಂದು ಪಲ್ಸರ್ ನಕ್ಷತ್ರದ ರೇಡಿಯೊ ಸಂಕೇತ. ಅದನ್ನು 1967ರಲ್ಲಿ ಕೇಂಬ್ರಿಜ್‌ನಲ್ಲಿ ಮೊದಲು ಗುರುತಿಸಿದವಳು ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ. ಆ ಶೋಧಕ್ಕೆ 1974ರಲ್ಲಿ ನೊಬೆಲ್ ಬಂದದ್ದು ಅವಳ ಮಾರ್ಗದರ್ಶಕ ಆಂಟನಿ ಹ್ಯುವಿಶ್‌ಗೆ. ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿ ಬರೆದದ್ದು ಹ್ಯಾರಲ್ಡ್ ಕ್ರಾಫ್ಟ್. ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಿಂದ ಪಡೆದ ಮಾಹಿತಿಯನ್ನು ಕಂಪ್ಯೂಟರಿಗೆ ಊಡಿಸಿ, ಕಾರ್ನೆಲ್ ವಿಶ್ವವಿದ್ಯಾಲಯದ ತನ್ನ 1970ರ ಪಿಎಚ್‌ಡಿ ಪ್ರಬಂಧಕ್ಕೆ ಈ ಚಿತ್ರ ಮಾಡಿದ್ದ. ಮೂಲ ಇದೇ ಎಂದು 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯವರು ಹುಡುಕಿ ಬರೆದದ್ದು 2015ರಲ್ಲಿ. ಆಗ ಕ್ರಾಫ್ಟ್ ಹಳೆಯದೊಂದು ಸಂಗತಿ ಹೇಳಿದ. ತನ್ನ ಚಿತ್ರ ಯಾವುದೋ ರೆಕಾರ್ಡಿನ ಮೇಲಿದೆ ಎಂದು ಯಾರೋ ಹೇಳಿದಾಗ ಆತ ಅಂಗಡಿಗೆ ಹೋಗಿ ನೋಡಿದ್ದನಂತೆ. ನಿಜವಾಗಿಯೂ ಇತ್ತು. ತನ್ನದೇ ಚಿತ್ರವಲ್ಲವೇ, ಒಂದು ಪ್ರತಿ ಇರಲಿ ಎಂದು ದುಡ್ಡು ಕೊಟ್ಟು ಆಲ್ಬಮ್ ಕೊಂಡ, ಜೊತೆಗೆ ಒಂದು ಪೋಸ್ಟರನ್ನೂ ಕೊಂಡ.