ಒಗರು ಎಂಬ ಮಾತು ನಮ್ಮಲ್ಲಿದೆ

ವೈನಿನ ರುಚಿಯ ಬಗ್ಗೆ ಬಲ್ಲವರು ಬರೆದದ್ದನ್ನು ಓದಿದರೆ ನಮ್ಮಂಥವರಿಗೆ ಹೆದರಿಕೆಯೇ ಆಗುತ್ತದೆ. ಒಂದೇ ಗುಟುಕಿನಲ್ಲಿ ಚೆರ್ರಿ, ರಾಸ್‌ಬೆರಿ, ಮಳೆಯಲ್ಲಿ ನೆನೆದ ಕಾಡಿನ ನೆಲ! ನಮ್ಮ ಧಾರವಾಡದಲ್ಲಿ ಚೆರ್ರಿ ಎಂದರೆ ಬೇಕರಿಯ ಕೇಕಿನ ಮೇಲೆ ಕೂರುವ ಸಕ್ಕರೆ ಹಣ್ಣು. ಅದೂ ಎಷ್ಟೋ ಸಲ ಕವಳಿಕಾಯಿಯದು.

ಲಕಮನಹಳ್ಳಿಯ ಗೆಳತಿಯೊಬ್ಬರು ಊಟಕ್ಕೆ ಕರೆದಾಗ, ಫ್ರಾನ್ಸಿನಿಂದ ಮಗ ತಂದಿದ್ದ ಕೆಂಪು ಬರ್ಗಂಡಿ ವೈನ್ ತೆರೆದರು. "ಅಕ್ಕೋರ, ನೀವ ಹೇಳ್ರಿ, ಹೆಂಗೈತಿ?" ಎಂದರು.

ಬಣ್ಣ ಕೋಕಂ ಪಾನಕದಂಥ ತಿಳಿಗೆಂಪು. ಬಾಯಿಗಿಟ್ಟರೆ ಮೊದಲು ಹುಳಿ, ಆಮೇಲೆ ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುವಂಥ ಒಗರು. ಇದು ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ನಿನಿಂದ ಬರುವುದು. ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯ ಸಿಪ್ಪೆ ತೆಳು, ಆದ್ದರಿಂದ ಬಣ್ಣವೂ ಒಗರೂ ಮೃದು. ಆರು ರಸಗಳಲ್ಲಿ ಒಗರನ್ನೂ ಎಣಿಸಿದ ನಮಗೆ ಇದನ್ನು ಹೇಳಲು ಎರವಲು ಮಾತೇಕೆ?

ಬಾಟಲಿಯ ಮೇಲೆ ದೊಡ್ಡದಾಗಿ ಇರುವುದು ನೆಲದ ಹೆಸರು. ಅಲ್ಲಿ ಒಂದೊಂದು ತುಂಡು ಹೊಲಕ್ಕೂ ಒಂದು ಹೆಸರು, ಒಂದು ಬೆಲೆ. 2015ರಲ್ಲಿ ಯುನೆಸ್ಕೋ ಆ ಹೊಲಗಳನ್ನು ವಿಶ್ವ ಪರಂಪರೆಗೆ ಸೇರಿಸಿತು. ಧಾರವಾಡ ಪೇಡೆ ತಿಂದವರಿಗೆ ಊರಿನ ಹೆಸರಿನ ಈ ಹೆಮ್ಮೆ ಹೊಸದೇನಲ್ಲ.

ಆದರೆ ಎಣ್ಣೆಗಾಯಿ, ರೊಟ್ಟಿ, ಕೆಂಪು ಖಾರದೆದುರು ಆ ವೈನು ಸೋತಿತು. ಖಾರ ತಿಂದ ಬಾಯಿಗೆ ಮದ್ಯದ ಉರಿ ಹೆಚ್ಚು, ಹಣ್ಣಿನ ರುಚಿ ಕಡಿಮೆ. ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ನಮ್ಮ ಬೇಸಿಗೆಗೆ ಅದು ಸಲ್ಲದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಊಟಕ್ಕೆ ಮೊದಲು ಹುರಿದ ಶೇಂಗಾದ ಜೊತೆ ಕುಡಿದಾಗಲೇ ಅದರ ನಿಜವಾದ ಗುಣ ತಿಳಿಯಿತು.

ನನ್ನ ತಕರಾರು ಇರುವುದು ವೈನಿನ ಮೇಲಲ್ಲ, ಅದರ ಸುತ್ತಲಿನ ಮಾತಿನ ಮೇಲೆ. 2007ರಲ್ಲಿ ನಮ್ಮ ಸರಕಾರ ಸಾರಾಯಿ ನಿಷೇಧಿಸಿತು; ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ವಿಜಯಪುರ, ಬಾಗಲಕೋಟೆಯ ದ್ರಾಕ್ಷಿ ರೈತರಿಗೆ ಒಳಿತಾದರೆ ಸಂತೋಷವೇ. ಆದರೆ ಕುಡಿತದಿಂದ ಮನೆ ಮುರಿದ ತಾಯಂದಿರು ಶಾಲೆಯ ಬಾಗಿಲಲ್ಲಿ ನಿಂತು ಫೀ ಕಟ್ಟಲು ಗಡುವು ಕೇಳುವುದನ್ನು ನಾನು ವರ್ಷಗಟ್ಟಲೆ ಕಂಡಿದ್ದೇನೆ. ಬಡವನ ಲೋಟದಲ್ಲಿದ್ದರೆ ಚಟ, ಉಳ್ಳವರ ಗಾಜಿನಲ್ಲಿದ್ದರೆ ಸಂಸ್ಕೃತಿ ಎಂಬ ಮಾತನ್ನು ಆ ತಾಯಂದಿರ ಮುಂದೆ ನಾನು ಹೇಗೆ ಆಡಲಿ? ಎರಡರಲ್ಲೂ ಇರುವ ಮದ್ಯ ಒಂದೇ.

ಇಷ್ಟು ಹೇಳಿ ತೀರ್ಪು ಕೊಡುತ್ತೇನೆ. ಕೆಂಪು ಬರ್ಗಂಡಿ ಒಳ್ಳೆಯ ವೈನು, ಗದ್ದಲ ಮಾಡದ ವೈನು. ಯಾರಾದರೂ ಕೊಟ್ಟು ನೀವು ರುಚಿ ನೋಡಿದರೆ ಹುಳಿಯನ್ನು ಹುಳಿ ಎನ್ನಿ, ಒಗರನ್ನು ಒಗರು ಎನ್ನಿ. ಬೇಡ ಎನಿಸಿದರೆ ಬೇಡ ಎನ್ನಿ. ಅದಕ್ಕಾಗಿ ಯಾರೂ ನಿಮ್ಮನ್ನು ಹಳ್ಳಿಯವಳು ಎನ್ನಬೇಕಾಗಿಲ್ಲ.