ಮೇಳದ ತಿರುಗಾಟದಲ್ಲಿ ಹೆಣ್ಣಿನ ಜಾಗ

ತೆಂಕುತಿಟ್ಟಿನ ಯಕ್ಷಗಾನ ಮೇಳ ಮೊದಲಿನಿಂದಲೂ ಗಂಡಸರ ಕೂಟ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟವರು ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವವರೆಗೆ ಒಂದೇ ಚೌಕಿಯಲ್ಲಿ ಬಣ್ಣ ಹಚ್ಚಿ, ಒಂದೇ ಪಂಕ್ತಿಯಲ್ಲಿ ಉಂಡು, ಜಾಗ ಸಿಕ್ಕಲ್ಲಿ ಮಲಗಿ ದಿನ ಕಳೆಯುತ್ತಾರೆ. ಹುಡುಗನಾಗಿ ಸೇರಿದವನು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಹಿರಿಯರ ಕಣ್ಣೆದುರೇ ಬೆಳೆಯಬೇಕು. ಸೀತೆಯೂ ದಮಯಂತಿಯೂ ಇಲ್ಲಿ ಗಂಡಸರೇ. ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ಟರಂಥವರು ಸ್ತ್ರೀವೇಷಕ್ಕೆ ತಂದುಕೊಟ್ಟ ಘನತೆ ದೊಡ್ಡದು.

ಈ ಕೂಟದೊಳಗೆ ವೃತ್ತಿ ಕಲಾವಿದೆಯಾಗಿ ಮೊದಲು ಕಾಲಿಟ್ಟವರು ಲೀಲಾವತಿ ಬೈಪಾಡಿತ್ತಾಯ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಅವರು ಶಾಸ್ತ್ರೀಯ ಸಂಗೀತ ಕಲಿತಿದ್ದರು. ಭಾಗವತಿಕೆಯನ್ನು ಹೇಳಿಕೊಟ್ಟವರು ಪತಿ, ಹಿಮ್ಮೇಳ ಕಲಾವಿದ ಹರಿನಾರಾಯಣ ಬೈಪಾಡಿತ್ತಾಯರು. ಅಳದಂಗಡಿಯ ಅರುವ ಮೇಳವೂ ಸೇರಿದಂತೆ ಹಲವು ಮೇಳಗಳಲ್ಲಿ ಅವರು ಹಾಡಿದರು.

ಅವರು ಬಂದದ್ದು ವೇಷಕ್ಕಲ್ಲ, ಭಾಗವತರ ಪೀಠಕ್ಕೆ ಎಂಬುದು ಗಮನಿಸಬೇಕಾದ ಸಂಗತಿ. ಆಟದ ಒಂದನೇ ವೇಷಧಾರಿ ಎಂದೇ ಭಾಗವತರನ್ನು ಕರೆಯುವ ರೂಢಿಯಿದೆ. ಯಾವ ಪದ ಎತ್ತಬೇಕು, ಯಾವುದನ್ನು ಬಿಡಬೇಕು, ಲಂಬಿಸಿದ ಅರ್ಥವನ್ನು ಎಲ್ಲಿ ಜಾಗಟೆಯ ಒಂದು ಪೆಟ್ಟಿನಿಂದ ನಿಲ್ಲಿಸಬೇಕು ಎಂಬ ತೀರ್ಮಾನವೆಲ್ಲ ಅವರದು. ಯುದ್ಧದ ಏರುಪದದಲ್ಲಿ ಚೆಂಡೆಯ ಅಬ್ಬರದ ಮೇಲೆ ಸ್ವರ ನಿಲ್ಲಬೇಕು. ಮೀಸೆ ಹೊತ್ತ ವೀರರನ್ನು ಒಬ್ಬ ಹೆಂಗಸು ರಾತ್ರಿಯಿಡೀ ಕುಣಿಸಿದಳು ಎಂಬುದು ಸಣ್ಣ ಮಾತಲ್ಲ. ಆದರೆ ಆ ಪ್ರವೇಶಕ್ಕೆ ಪತಿಯ ಜತೆಯೇ ರಹದಾರಿಯಾಗಿತ್ತು. ಒಂಟಿಯಾಗಿ ಬರುವ ಪ್ರತಿಭೆಗೆ ಮೇಳದ ಬಾಗಿಲು ತೆರೆದಿರಲಿಲ್ಲ. 2023ರ ರಾಜ್ಯೋತ್ಸವ ಪ್ರಶಸ್ತಿ ಅವರ ಸಾಧನೆಗೆ ಸಂದಿತು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಈಗ ಹವ್ಯಾಸಿ ರಂಗದಲ್ಲಿ ಮಹಿಳೆಯರಿಗೆ ಕೊರತೆಯಿಲ್ಲ. ಮಹಿಷಾಸುರನ ವೇಷವನ್ನೂ ಅವರೇ ಹೊತ್ತು ಕುಣಿಯುತ್ತಾರೆ. ಕಾವ್ಯಶ್ರೀ ಅಜೇರು ಅವರಂಥ ಭಾಗವತರಿಗೆ ದೊಡ್ಡ ಅಭಿಮಾನಿ ಬಳಗವಿದೆ. ಆದರೂ ಕಟೀಲು, ಧರ್ಮಸ್ಥಳದಂಥ ಮೇಳಗಳ ಮುಮ್ಮೇಳ ಇಂದಿಗೂ ಗಂಡಸರದೇ.

ಇದಕ್ಕೆ ಕೊಡುವ ಕಾರಣಗಳು ಒಂದೇ ತೂಕದವಲ್ಲ. ಚೌಕಿಯಲ್ಲಿ ದೇವರಿಗೆ ಪೂಜೆ ನಡೆಯುತ್ತದೆ, ಹರಕೆಯಾಟ ಸೇವೆಯಾಗಿ ಸಲ್ಲುತ್ತದೆ; ಮಡಿಯ ಪ್ರಶ್ನೆಯನ್ನು ಭಕ್ತರು ಮನಃಪೂರ್ವಕವಾಗಿಯೇ ಎತ್ತುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ದೇವಿಯ ಮಹಾತ್ಮೆಯನ್ನೇ ಆಡುವ ಮಹಿಳಾ ತಂಡಗಳನ್ನು ಅದೇ ಭಕ್ತರು ಕೈಮುಗಿದು ನೋಡುತ್ತಾರೆ. ರಾತ್ರಿಯಿಡೀ ನಿದ್ದೆಗೆಟ್ಟು ತಿರುಗುವುದು ಹೆಂಗಸರಿಗೆ ಆಗದು ಎಂಬ ವಾದಕ್ಕೂ ಈಗ ಬಲವಿಲ್ಲ. ಧರ್ಮಸ್ಥಳ ಮೇಳವೇ ರಾತ್ರಿಯಿಡೀ ಆಡುವುದನ್ನು ಬಿಟ್ಟು ಕಾಲಮಿತಿಗೆ ಬಂದಿದೆ. ಸ್ತ್ರೀವೇಷದ ಪರಂಪರೆ ಅಳಿದೀತೆಂಬ ಆತಂಕವೂ ನಿಲ್ಲುವುದಿಲ್ಲ: ಕೋಳ್ಯೂರರ ಮಗಳು ವಿದ್ಯಾ ಕೋಳ್ಯೂರು ಆ ವಿದ್ಯೆಯನ್ನು ರಂಗದಲ್ಲಿ ಮುಂದುವರಿಸಿದ್ದಾರೆ.

ಅತಿಥಿಯಾಗಿ ಕರೆದು ಶಾಲು ಹೊದೆಸುವುದರಿಂದ ಯಾರೂ ಮೇಳದವರಾಗುವುದಿಲ್ಲ. ಕಾಲಮಿತಿಯ ಮೇಳಗಳು ಮುಂದಿನ ತಿರುಗಾಟದಿಂದಲೇ, ಕನಿಷ್ಠ ಹಿಮ್ಮೇಳಕ್ಕಾದರೂ, ಮಹಿಳೆಯರನ್ನು ಪೂರ್ಣ ಸಂಬಳದ ಕಲಾವಿದರಾಗಿ ಸೇರಿಸಿಕೊಳ್ಳಬೇಕು.